ಚೀಟಿಯಲ್ಲಿದ್ದ ಜ್ವರ

ಚಿಗಳ್ಳಿ
ಶನಿವಾರ

ಸಿಸ್ಟರ್ ಮಹಾದೇವಕ್ಕನವರಿಗೆ ಶರಣು.

ಮೂರು ತಿಂಗಳ ಹಿಂದೆ ನಿಮ್ಮ ಆಸ್ಪತ್ರೆಗೆ ಎಚ್‌ಐವಿ ಪರೀಕ್ಷೆಗೆ ಬಂದಿದ್ದ ದ್ರಾಕ್ಷಾಯಣಿ ನಾನು. ನಮ್ಮ ಮನೆಯವರು ದಾಂಡೇಲಿಯಲ್ಲಿ ಲಾರಿ ಓಡಿಸುತ್ತಾರೆ, ಅಲ್ಲಿ ಅವರಿಗೆ ಬೇರೆ ಸಂಬಂಧವಿದೆ, ಅದಕ್ಕೇ ಹೆದರಿ ಬಂದೆ ಎಂದು ಬಾಯಿಬಿಟ್ಟು ಹೇಳಿದ್ದೆ. ನೀವು ಬಾಗಿಲು ಮುಚ್ಚಿ ಎಲ್ಲ ಕೇಳಿಸಿಕೊಂಡಿರಿ. ರಕ್ತದಲ್ಲಿ ಏನೂ ಸಿಗಲಿಲ್ಲ. ಮೂರು ತಿಂಗಳ ಮೇಲೆ ಇನ್ನೊಮ್ಮೆ ನೋಡಬೇಕು ಎಂದಿರಿ.

ನಿನ್ನೆ ಬಂದೆ. ನೀವು ರಜೆಯಲ್ಲಿದ್ದಿರಿ. ಹೊಸ ನರ್ಸ್ ನನ್ನ ಚೀಟಿ ನೋಡಿ, "ಇದರಾಗ ಬರೇ ಜ್ವರ ಅಂತ ಬರದೈತ್ರಿ. ಜ್ವರ ಹೋಗಿದ್ರ ಮತ್ಯಾಕ ಬಂದ್ರಿ?" ಎಂದರು. ಸಾಲಿನಲ್ಲಿ ನಮ್ಮೂರಿನವರೇ ನಾಲ್ವರಿದ್ದರು. ಪರೀಕ್ಷೆ ಮಾಡಿಸದೆಯೇ ಬಸ್ ಹತ್ತಿ ಊರಿಗೆ ಬಂದೆ.

ನನ್ನ ಮರ್ಯಾದೆ ಕಾಯಲೆಂದೇ ನೀವು ಹಾಗೆ ಬರೆದಿರಿ, ಗೊತ್ತು. ಆದರೆ ಅಕ್ಕಾ, ನನಗೆ ಜ್ವರ ಬಂದೇ ಇರಲಿಲ್ಲ. ನಮ್ಮ ಮನೆಯವರ ಸಂಗತಿಯನ್ನು ನಿಮಗೆ ಹೇಳಲು ನನಗೆ ಎರಡು ವರ್ಷ ಹಿಡಿಯಿತು. ಇನ್ನೊಬ್ಬರಿಗೆ ಮೊದಲಿನಿಂದ ಹೇಳಲಾರೆ. ಚೀಟಿಯಲ್ಲಿ ಇದ್ದದ್ದನ್ನು ಇದ್ದ ಹಾಗೆ ಬರೆಯಿರಿ. ನೀವಿಲ್ಲದ ದಿನ ಕೂತವರೂ ಓದಿ ತಿಳಿಯಲಿ.

ಮಂಗಳವಾರ ಮೊದಲ ಬಸ್ಸಿಗೆ ಬರುತ್ತೇನೆ. ನಮ್ಮ ಮನೆಯವರು ಊರಿಗೆ ಬಂದಿದ್ದಾರೆ, ಅವರನ್ನೂ ಪರೀಕ್ಷೆಗೆ ಕರೆತರುತ್ತೇನೆ. "ನಂಗೇನಾಗೇತಿ?" ಎಂದು ಕೂಗಾಡಿದರು. ಬಾರದಿದ್ದರೆ ನಾನೂ ಮಗಳೂ ತವರಿಗೆ ಹೋಗುತ್ತೇವೆ ಎಂದಿದ್ದೇನೆ. ಬರುತ್ತಾರೆ. ದಾರಿಯಲ್ಲಿ ಯಾರಾದರೂ ಕೇಳಿದರೆ ಜ್ವರ ಎನ್ನಬೇಕೆಂದು ಈಗಲೇ ನನಗೆ ಹೇಳಿಕೊಡುತ್ತಿದ್ದಾರೆ.

ನಿಮಗೂ ಅದನ್ನೇ ಹೇಳುತ್ತಾರೆ. ದಯವಿಟ್ಟು ಅವರ ಚೀಟಿಯಲ್ಲಿ ಜ್ವರ ಎಂದು ಬರೆಯಬೇಡಿರಿ.

ನಿಮ್ಮ
ದ್ರಾಕ್ಷಾಯಣಿ