ಆರು ಗುರುತುಗಳ ಹಾಳೆ

ಮಾರ್ಚ್ 3, ಮಂಗಳವಾರ
ನಾನು ಕಟ್ಟುತ್ತಿರುವ ದಾಳದ ಆಟದ ನಾಲ್ಕನೇ ಟ್ರಯಲ್. ಆರು ಜನ, ಮೂರು ಗಂಟೆ. ಯಾರೂ ಫೋನ್ ಮುಟ್ಟಲಿಲ್ಲ. ಇದಕ್ಕಿಂತ ದೊಡ್ಡ ಸರ್ಟಿಫಿಕೇಟ್ ಬೇಕಿಲ್ಲ.

ಪಿಶಾಚಿಯ ರೆಕ್ಕೆ, ಉದ್ದ ನಾಲಿಗೆ ಎಲ್ಲ ಕಿತ್ತುಹಾಕಿದ್ದು ಒಳ್ಳೆಯದಾಯಿತು. ಇಲ್ಲಿ ಇಲೊಯಿಲೊ ನಗರದ ಹುಡುಗರಿಗೆ ಅದೆಲ್ಲ ಹಳಸಲು. ಈಗ ಆಟ ಹೀಗೆ: ಒಂದು ಊರು, ಬಸುರಿಯರ ಕೂಸುಗಳು ಹೊಟ್ಟೆಯಲ್ಲೇ ಸಾಯುತ್ತಿವೆ, ಊರವರಲ್ಲೇ ಒಬ್ಬಳು ಅಸ್ವಾಂಗ್, ಹೊಟ್ಟೆಯ ಕೂಸು ತಿನ್ನುವ ಪಿಶಾಚಿ. ಯಾರೆಂದು ಆಟಗಾರರು ಕಂಡುಹಿಡಿಯಬೇಕು. ಕೈಗೊಂದು ಹಾಳೆ, ಅದರಲ್ಲಿ ಆರು ಗುರುತು. ನಾಲ್ಕಕ್ಕೆ ಟಿಕ್ ಬಿದ್ದರೆ ಅವಳೇ.

ಆಟ ಮುಗಿದ ಮೇಲೆ ಎಲ್ಲರೂ ಹಾಳೆ ಮನೆಗೆ ಒಯ್ದರು. ನಾನೇ ಕೊಟ್ಟೆ. ಹೆಮ್ಮೆಯಾಯಿತು, ಸುಳ್ಳೇಕೆ.

ಮಾರ್ಚ್ 5
ಆಟದ ಪುಸ್ತಕಕ್ಕೆ ಚಿತ್ರ ಬರೆಯುವ ಹೊವಿತೊ ಹೊಸ ಚಿತ್ರ ತಂದ. ಮತ್ತೆ ಕೋರೆಹಲ್ಲು. ವಾಪಸು ಕಳಿಸಿದೆ. "ಕೈ ಬರಿ ಮಾರಾಯ. ಬರೀ ಕೈ. ಹೊಟ್ಟೆ ಮೇಲೆ ಇಟ್ಟಿರೋ ಮುದುಕಿ ಕೈ."
"ಯಾರ ಕೈ ಥರ?"
ಹೇಳಲಿಲ್ಲ. ಹೇಳಬೇಕಾದ್ದೂ ಇಲ್ಲ. ಅದು ಟಿಯಾ ಮೆನ್ಸಿಯಾರ ಕೈ — ಟಿಯಾ ಎಂದರೆ ಅತ್ತೆ, ಅಪ್ಪನ ಅಕ್ಕ. ಕಪಿಝ್ ಸೀಮೆಯ ಕಡಲಂಚಿನ ಹಳ್ಳಿ ತಲಾಬುಂಗ್‌ನಲ್ಲಿ ನಲವತ್ತು ವರ್ಷದಿಂದ ಬಸುರಿಯರ ಹೊಟ್ಟೆ ನೀವುವವರು, ಹೆರಿಗೆ ಮಾಡಿಸುವವರು. ಬೇಸಿಗೆ ರಜೆಯೆಲ್ಲ ನಾನು ಅವರ ಎಣ್ಣೆ ಬಾಟಲಿ ಹೊತ್ತು ಹಿಂದೆ ಹಿಂದೆ ಸುತ್ತಿದವಳು. ಅಸ್ವಾಂಗ್ ಕಥೆ ಹೇಳಿದ್ದೂ ಅವರೇ. ಆದರೆ ಕಥೆಯಲ್ಲಿ ಜೀವ ಇರಲಿಲ್ಲ. ಅವರು ಕೆಲಸ ಮಾಡುವ ರೀತಿಯನ್ನೇ ಹಾಳೆಯ ಗುರುತುಗಳಾಗಿ ಸೇರಿಸಿದ ಮೇಲೆ ಬಂತು. ಅಡುಗೆಮನೆ ಬಾಗಿಲಿನಿಂದ ಒಳಬರುವುದು, ಒಲೆಗೆ ಕೈ ಕಾಯಿಸಬೇಕಲ್ಲ, ಅದಕ್ಕೆ. ವಿನಿಗರ್‌ನಲ್ಲಿ ಕೈ ತೊಳೆಯುವುದು. ಬಸುರಿಯ ಮನೆಯಲ್ಲಿ ನೀರೂ ಮುಟ್ಟದಿರುವುದು. ಹೊಟ್ಟೆ ನೀವುವಾಗ ಅವಳ ಮುಖ ನೋಡದೆ ಸೂರು ನೋಡುವುದು.

ಹೆಸರು ಬದಲಿಸಿದ್ದೇನೆ. ಊರೂ ಬೇರೆ. ಪುಸ್ತಕ ಇಪ್ಪತ್ತಕ್ಕೆ ಅಚ್ಚಿಗೆ.

ಮಾರ್ಚ್ 9, ಬೆಳಿಗ್ಗೆ
ಹೊವಿತೊ ಕುಣಿಯುತ್ತ ಬಂದ. ಕಪಿಝ್‌ನವರ ಫೇಸ್‌ಬುಕ್ ಗುಂಪಿನಲ್ಲಿ ನಮ್ಮ ಹಾಳೆಯ ಫೋಟೊ. ಎರಡು ಸಾವಿರ ಶೇರ್. "ಬಿಟ್ಟಿ ಪ್ರಚಾರ ಕಣೇ."

ಫೋಟೊದಲ್ಲಿ ಆಟದ ಹೆಸರೇ ಇಲ್ಲ. ಮೇಲಿನ ಸಾಲು ಕತ್ತರಿಸಿಹೋಗಿದೆ. ಬರೀ ಆರು ಗುರುತು, ಪಕ್ಕದಲ್ಲಿ ಟಿಕ್ ಹಾಕುವ ಚೌಕ.

ಕೆಳಗೆ ಕಾಮೆಂಟ್ ಓದಿದೆ. "ಅಡುಗೆಮನೆ ಬಾಗಿಲಿನವಳು. ಗೊತ್ತಾಯ್ತಲ್ಲ." "ನಾಲ್ಕಲ್ಲ, ಆರಕ್ಕೆ ಆರು." "ತಲಾಬುಂಗ್ ಕಡೆ ಬಸುರಿಯರು ಹುಷಾರು."

ಎಂಥ ದಡ್ಡಿ ನಾನು. ಕಪಿಝ್‌ನಲ್ಲಿ ಹುಟ್ಟಿಬೆಳೆದವಳು! ಅಲ್ಲಿ ಅಸ್ವಾಂಗ್ ಎನಿಸಿದವರ ಹೆಸರನ್ನು ಯಾವತ್ತಾದರೂ ಯಾರಾದರೂ ಹೇಳುತ್ತಾರೆಯೇ? ಹೆಸರು ಹಿಡಿದರೆ ಕೇಳಿಸಿಕೊಂಡು ಬಂದುಬಿಡುತ್ತಾಳೆಂದು ಭಯ. ನಡೆ ಹೇಳುತ್ತಾರೆ, ಅಭ್ಯಾಸ ಹೇಳುತ್ತಾರೆ, ಕೇಳಿದವರು ಗುರುತು ಹಿಡಿಯುತ್ತಾರೆ. ನಾನು ಬೇಡದ ಹೆಸರನ್ನು ಬಚ್ಚಿಟ್ಟು ಗುರುತನ್ನೆಲ್ಲ ಬರೆದುಕೊಟ್ಟಿದ್ದೇನೆ.

ಮಾರ್ಚ್ 9, ಸಂಜೆ
ಟಿಯಾಗೆ ಫೋನ್ ಮಾಡಿದೆ. ಎಂದಿನ ದನಿ. ಮೂರು ಮನೆ ಆಚೆಯ ಜೆನ್ಲಿನ್‌ಗೆ ಈ ತಿಂಗಳೇ ಹೆರಿಗೆ. ಮಗು ಅಡ್ಡ ಮಲಗಿದೆ, ದಿನ ಬಿಟ್ಟು ದಿನ ನೀವಿ ತಿರುಗಿಸಬೇಕು. "ನಾಲ್ಕು ದಿನ ಆಯ್ತು ಇಂದಾಯ್, ಕರೀತಾನೇ ಇಲ್ಲ. ಬಿಸಿಲಿಗೆ ಸುಸ್ತಾಗಿರ್ಬೇಕು ಪಾಪ."

ಇಂದಾಯ್ ಎಂದರೆ ಮಗಳೇ, ಅವರು ನನ್ನನ್ನು ಕರೆಯುವುದೇ ಹಾಗೆ. ಹಾಳೆಯ ಮಾತು ಎತ್ತದೆ ಫೋನ್ ಇಟ್ಟೆ.

ಮಾರ್ಚ್ 10
ಹೊವಿತೊ ಜೊತೆ ಜಗಳ.
"ಹೆಸರು ಬದಲಾಯ್ಸಿದ್ದೀಯಲ್ಲ, ಇನ್ನೇನು?"
"ನೀನು ಮನಿಲಾದವನು. ನಿಂಗೆ ಅಸ್ವಾಂಗ್ ಅಂದ್ರೆ ಸಿನಿಮಾ."
"ಈ ಕಾಲದಲ್ಲಿ ಯಾರು ನಂಬ್ತಾರೆ ಡೆಲ್ಫಾ?"
ಎರಡು ಸಾವಿರ ಇದ್ದ ಅಂಕಿ ತೋರಿಸಿದೆ. ಈಗ ಒಂಬತ್ತು ಸಾವಿರ. ಪುಸ್ತಕದಿಂದ ಆ ಪುಟ ತೆಗೆಯುತ್ತೇನೆ ಎಂದ. ಗುಂಪಿಗೆ ಬರೆದೆ: ಇದು ಆಟದ ಹಾಳೆ, ನಿಜವಲ್ಲ. ಹತ್ತು ನಿಮಿಷದಲ್ಲಿ ಉತ್ತರ: "ನಿಜವಲ್ಲ ಅನ್ನೋರೂ ಅವರ ಕಡೆಯವರೇ."

ಮಾರ್ಚ್ 12, ಮಧ್ಯಾಹ್ನ, ತಲಾಬುಂಗ್
ಬಸ್ಸು, ಟ್ರೈಸಿಕಲ್ ರಿಕ್ಷಾ, ದೋಣಿ. ಜೆನ್ಲಿನ್ ಮನೆ ಬಾಗಿಲಿಗೆ ಎಣ್ಣೆ ಬಾಟಲಿ ತೂಗುಹಾಕಿದ್ದಾರೆ. ಅಸ್ವಾಂಗ್ ಹತ್ತಿರ ಬಂದರೆ ಎಣ್ಣೆ ತಾನೇ ಕುದಿಯುತ್ತದಂತೆ. ಆಟದಲ್ಲಿ ಅದಕ್ಕೆ ಎರಡು ದಾಳ ಇಟ್ಟಿದ್ದೆ.

ಅಂಗಡಿ ಗೋಡೆಗೆ ನನ್ನ ಹಾಳೆ. ಝೆರಾಕ್ಸ್. ಆರು ಚೌಕಕ್ಕೂ ನೀಲಿ ಪೆನ್ನಿನ ಟಿಕ್. ಹರಿದೆ.
"ಬಿಡು, ಇನ್ನೂ ಇವೆ ಒಳಗೆ," ಎಂದಳು ಅಂಗಡಿಯವಳು, ತಣ್ಣಗೆ. "ನಿಂಗೂ ಒಂದು ಬೇಕಾ?"

ಟಿಯಾ ಕಡಲ ಸಿಂಪಿ ಬೇಯಿಸಿ ಕಾದಿದ್ದರು. ನನ್ನ ತಟ್ಟೆಗೇ ಎಲ್ಲ ಸುರಿದರು.

ಮಾರ್ಚ್ 13
ಕಪಿತಾನ್ ಹತ್ತಿರ ಹೋದೆ. ಊರಿಗೆ ಅವನೇ ಹಿರಿಯ, ಅವನ ಮಾತು ನಡೆಯುತ್ತದೆ. ಜಗಲಿಯಲ್ಲಿ ಜೆನ್ಲಿನ್‌ಳ ಗಂಡ ರುಫೊ, ಅವನ ತಾಯಿ, ಇನ್ನೂ ಹತ್ತು ಜನ. ಎಲ್ಲರೆದುರೇ ಹೇಳಿದೆ: ಬರೆದವಳು ನಾನು, ಆಟಕ್ಕೆಂದು ಕಟ್ಟಿದ್ದು.

ಕಪಿತಾನ್ ಕನ್ನಡಕ ತೆಗೆದ. "ಕಟ್ಟಿದ್ದಾದ್ರೆ ಆ ವಿನಿಗರ್ ಎಲ್ಲಿಂದ ಬಂತಮ್ಮ? ಈ ಊರಲ್ಲಿ ಹಾಗೆ ಕೈ ತೊಳೆಯೋರು ಒಬ್ರೇ."
ಸುಳ್ಳು ಬಾಯಿಗೆ ಬರಲಿಲ್ಲ. "ಅವರನ್ನ ನೋಡಿ ಬರೆದೆ. ಅವರ ಮೇಲಿನ ಪ್ರೀತಿಗೆ ಬರೆದೆ."
ರುಫೊನ ತಾಯಿ ಎದೆಗೆ ಶಿಲುಬೆಯ ಗುರುತು ಹಾಕಿಕೊಂಡಳು. "ಕೇಳಿದ್ರಲ್ಲ. ಜೊತೇಲೇ ಬೆಳೆದೋಳು, ಕಣ್ಣಾರೆ ನೋಡಿ ಬರೆದಿದ್ದಾಳೆ. ಇನ್ಯಾವ ಸಾಕ್ಷಿ ಬೇಕು?"

ನಾನು ಹೋಗುವವರೆಗೆ ಅನುಮಾನ ಇತ್ತು. ಹೋಗಿ ಖಾತ್ರಿ ಮಾಡಿಬಂದೆ. ಕೋಲು ಕೊಟ್ಟು ಹೊಡೆಸಿಕೊಳ್ಳುವುದೆಂದರೆ ಇದೇ — ಆದರೆ ಪೆಟ್ಟು ಬಿದ್ದದ್ದು ನನಗಲ್ಲ.

ಮಾರ್ಚ್ 17
ಮೂರು ದಿನ ಬರೆಯಲಿಲ್ಲ. ಯಾರೂ ಬಂದಿಲ್ಲ. ಮೀನಿನವಳು ನಮ್ಮ ಬೇಲಿ ದಾಟುವಾಗ ಕೂಗುವುದನ್ನು ನಿಲ್ಲಿಸುತ್ತಾಳೆ.

ಇವತ್ತು ಟಿಯಾ ಕೇಳಿಯೇಬಿಟ್ಟರು. "ಆ ಕಾಗದ ಓದು."
ಓದಿದೆ. ಆರನ್ನೂ. ಕಣ್ಣು ಮುಚ್ಚಿ ಕೇಳಿದರು. ಬೈಯುತ್ತಾರೆಂದು ಕಾದೆ, ಬೈದರೆ ಸಾಕೆನಿಸಿತ್ತು.
"ಸರಿಯಾಗೇ ಬರ್ದಿದ್ದೀಯ. ಒಂದೂ ತಪ್ಪಿಲ್ಲ." ಆಮೇಲೆ, "ಆಟದಲ್ಲಿ ಕೊನೇಗೆ ಅವಳನ್ನ ಏನ್ಮಾಡ್ತಾರೆ?"
"ದಾಳ ಬಿದ್ದ ಹಾಗೆ, ಟಿಯಾ."
"ಹಂ." ಬಟ್ಟೆ ಒಣಹಾಕಲು ಹೋದರು. ನಾನು ಅಲ್ಲೇ ಕೂತು ಅತ್ತೆ.

ಮಾರ್ಚ್ 19, ಮಧ್ಯಾಹ್ನ 1
ಜೆನ್ಲಿನ್ ಚೀರುತ್ತಿದ್ದಾಳೆ. ಬೆಳಗಿನಿಂದ. ಇಲ್ಲಿಗೆ ಕೇಳುತ್ತದೆ. ಸೂಲಗಿತ್ತಿ ನರ್ಸ್ ಪೇಟೆಯಲ್ಲಿ. ಕಡಲು ಹಿಂದೆ ಸರಿದಿದೆ, ಊರಿನ ದೊಡ್ಡ ದೋಣಿಗಳೆಲ್ಲ ಕೆಸರಿನಲ್ಲಿ ಕೂತಿವೆ.

ಟಿಯಾ ಒಲೆ ಹಚ್ಚಿದ್ದಾರೆ. ಒಗೆದ ರವಿಕೆ ಹಾಕಿಕೊಂಡಿದ್ದಾರೆ. ಮೆಟ್ಟಿಲ ಮೇಲೆ ಕೂತಿದ್ದಾರೆ. "ಇನ್ನೂ ಅಡ್ಡವೇ ಇದೆ. ಆ ಕೂಗು ಕೇಳಿದ್ರೇ ಗೊತ್ತಾಗತ್ತೆ. ಕರೀತಾರೆ ಬಿಡು. ಹೊಟ್ಟೆ ನೋವು ಶುರುವಾದ ಮೇಲೆ ಕಾಗದ ಯಾರು ನೋಡ್ತಾರೆ?"
"ಕರೀದೇ ಇದ್ರೂ ಹೋಗೋಣ ಟಿಯಾ."
"ಕರೀದೆ ಹೋದ್ರೆ ನಿನ್ನ ಕಾಗದದೋಳೇ ಆಗ್ತೀನಿ."

2.10
ರುಫೊ ಬಂದ! ಬೇಲಿಯ ಆಚೆಯೇ ನಿಂತ. ಟಿಯಾ ಎದ್ದರು, ಎಣ್ಣೆ ಬಾಟಲಿ ಕೈಯಲ್ಲಿ.
"ನಿಮ್ಮ ದೋಣಿ ಬೇಕಿತ್ತು," ಎಂದ. ನೆಲ ನೋಡುತ್ತಿದ್ದ. "ಸಣ್ಣದು. ಕೆಸರಿನ ಮೇಲೆ ಎಳ್ಕೊಂಡು ಹೋಗ್ಬೋದು. ಪೇಟೆ ಆಸ್ಪತ್ರೆಗೆ."
ದೋಣಿ. ಅಷ್ಟೇ.
ಟಿಯಾ ಎಣ್ಣೆ ಬಾಟಲಿಯನ್ನು ಮೆಟ್ಟಿಲ ಮೇಲಿಟ್ಟರು. "ತಗೊಂಡ್ಹೋಗಪ್ಪ. ಎಡಮಗ್ಗುಲಿಗೆ ಮಲಗ್ಸು ಅವಳನ್ನ. ತಿಣುಕೋಕೆ ಬಿಡ್ಬೇಡ. ಕೇಳಿಸ್ತಾ? ಎಡಮಗ್ಗುಲು."
ಅವನು ತಲೆ ಆಡಿಸಿದನೋ ಇಲ್ಲವೋ. ಏಳು ಜನ ದೋಣಿ ತಳ್ಳಿದರು, ಮೊಣಕಾಲುಮಟ್ಟ ಕೆಸರು. ಜೆನ್ಲಿನ್ ಬಲಮಗ್ಗುಲಿಗೆ ಮಲಗಿದ್ದಳು. ಟಿಯಾ ದಡದಿಂದ ಕೂಗಿದರು. ಯಾರೂ ತಿರುಗಲಿಲ್ಲ.

5.30
ಸುದ್ದಿ ಇಲ್ಲ. ಮಗುವಿಗೆ ಏನಾದರೂ ಆದರೆ ಇವರ ತಲೆಗೇ. ಕೂತಲ್ಲಿಂದಲೇ ತಿಂದಳು ಎನ್ನುತ್ತಾರೆ. ಟಿಯಾಗೂ ಗೊತ್ತು. ಅವರು ಜಪಮಾಲೆ ಹಿಡಿದದ್ದು ಅದಕ್ಕಲ್ಲ. "ಉಳೀಲಿ, ಉಳೀಲಿ," ಎನ್ನುತ್ತಿದ್ದಾರೆ, ಅಷ್ಟೇ.

ಮಾರ್ಚ್ 20, ಬೆಳಿಗ್ಗೆ 8
ಉಳಿಯಿತು. ಆಸ್ಪತ್ರೆಯಲ್ಲಿ ಕೊಯ್ದು ತೆಗೆದರಂತೆ. ತಾಯಿ ಮಗು ಇಬ್ಬರೂ ಕ್ಷೇಮ. ಸುದ್ದಿ ನಮಗೆ ಯಾರೂ ಹೇಳಲಿಲ್ಲ. ದಡದಲ್ಲಿ ಜನ ನಗುತ್ತಿದ್ದರು, ಅಂಗಡಿಯವಳ ಮಾತು ಗಾಳಿಯಲ್ಲಿ ಬಂತು: "ನೋಡಿ, ಅವಳ ಕೈ ಬೀಳ್ಲಿಲ್ಲ, ಮಗು ಉಳ್ಕೊಂಡ್ತು."

ಎಲ್ಲರೂ ಹೂಂ ಎಂದರು. ನನಗೂ ಸಂತೋಷವೇ, ಆಣೆಗೂ. ಆದರೆ ಇನ್ನು ತಲಾಬುಂಗ್‌ನಲ್ಲಿ ಯಾರೂ ಟಿಯಾರನ್ನು ಕರೆಯುವುದಿಲ್ಲ. ಮಗು ಸತ್ತಿದ್ದರೆ ಅನುಮಾನ, ಬದುಕಿದ್ದಕ್ಕೆ ರುಜುವಾತು.

ದೋಣಿಯನ್ನು ಬೇಲಿಯ ಹೊರಗೆ ಬಿಟ್ಟುಹೋಗಿದ್ದಾರೆ. ಅಸ್ವಾಂಗ್ ಸೋಂಕು ಕಳೆಯಲೆಂದು ಒಳಗೆಲ್ಲ ಉಪ್ಪು ಉಜ್ಜಿದ್ದಾರೆ. ಟಿಯಾ ಬರುವ ಮೊದಲೇ ತೊಳೆದುಬಿಟ್ಟೆ.

9.40
ಹೊವಿತೊ ಮೆಸೇಜು. ಪುಟ ತೆಗೆದು ಪುಸ್ತಕ ಅಚ್ಚಿಗೆ ಹೋಯಿತಂತೆ.

ಟಿಯಾ ಹಳೆಯ ಲಂಗದ ಬಟ್ಟೆ ಮಡಚಿ ಕೂಸಿಗೆ ಕುಲಾವಿ ಹೊಲಿಯುತ್ತಿದ್ದಾರೆ. ಪ್ರತಿ ಮಗುವಿಗೂ ಹೊಲಿದಿದ್ದಾರೆ, ಕೈ ಸುಮ್ಮನಿರುವುದಿಲ್ಲ. ಸೂಜಿಗೆ ದಾರ ಪೋಣಿಸುತ್ತ ಕೇಳಿದರು, "ಗಂಡೋ ಹೆಣ್ಣೋ ಇಂದಾಯ್?"
"ಕೇಳ್ಕೊಂಡು ಬರ್ತೀನಿ."

ಹೋದೆ. ರುಫೊನ ತಾಯಿ ನನ್ನನ್ನು ಕಂಡು ಬಾಗಿಲು ಹಾಕಿದಳು. ಪಕ್ಕದ ಮನೆಯಲ್ಲೂ ಅದೇ. ಅಂಗಡಿಯವಳು ಬೆನ್ನು ತಿರುಗಿಸಿ ಡಬ್ಬಿ ಒರೆಸತೊಡಗಿದಳು. ಒಂದು ಮಾತು. ಗಂಡು ಅಥವಾ ಹೆಣ್ಣು. ಅದನ್ನೂ ಕೊಡಲಿಲ್ಲ.

ಹಿಂದೆ ಬಂದೆ. ಟಿಯಾ ತಲೆಯೆತ್ತಿ ನೋಡುತ್ತಿದ್ದರು, ಆ ಮುಖ.
"ಹೆಣ್ಣು," ಎಂದೆ.
ನಕ್ಕರು. ನಾನು ಬಂದಮೇಲೆ ಮೊದಲ ಸಲ. "ಯಾರ ಹಾಗಿದ್ಯಂತೆ?"
"ಅಮ್ಮನ ಹಾಗೇ. ತಲೆ ತುಂಬ ಕೂದಲಂತೆ. ನಿಮ್ಮನ್ನ ಕೇಳಿದ್ಲಂತೆ ಜೆನ್ಲಿನ್."
"ಹೌದಾ? ಕೇಳಿದ್ಲಾ?" ಸೂಜಿ ಕೆಳಗಿಟ್ಟರು. "ಹೆಸರೇನಿಟ್ರಂತೆ?"

ನಾನು ಒಂದು ಹೆಸರನ್ನೂ ಕಟ್ಟಿ ಹೇಳಿದೆ.