ಕಾಯೋರ ಬಂಡಿಯಲ್ಲಿ ಒಂದು ಸೀಟು

ನವೆಂಬರ್ ೯, ಭಾನುವಾರ

ಪ್ರೀತಿಯ ಅಕ್ಕನಿಗೆ, ನಿನ್ನ ಬಾಲ ಮಾಡುವ ನಮಸ್ಕಾರಗಳು.

ನಾನಿಲ್ಲಿ ಕ್ಷೇಮ. ಮಂಡಿಯೊಂದನ್ನು ಬಿಟ್ಟರೆ ಉಳಿದದ್ದೆಲ್ಲ ಹೇಗೋ ನಡೆದುಕೊಂಡು ಹೋಗುತ್ತಿದೆ. ನಿನ್ನ ಕಾಗದ ಬಂದು ಮೂರು ತಿಂಗಳಾಯಿತು. ಉತ್ತರ ತಡವಾಯಿತು, ಬೈಯಬೇಡ. ಮೂವತ್ತು ವರ್ಷ ದಾರಿ ಸವೆಸಿ ಬಂದ ಕಾಗದಕ್ಕೆ ಮೂರು ತಿಂಗಳು ಯಾವ ಲೆಕ್ಕ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಓದಿ ಮೊದಲು ನಗು ಬಂತು. "ಅಲ್ಲಾಡ್ತಿದ್ದ ಹಲ್ಲು ಬಿತ್ತೇನೋ ಬಾಲ? ನಾಲಿಗೇಲಿ ತಳ್ಳಬೇಡ, ಸೊಟ್ಟ ಹುಟ್ಟುತ್ತೆ" ಎಂದು ಬರೆದಿದ್ದೀಯ. ಬಿತ್ತು ಅಕ್ಕಾ. ಅದರ ಜಾಗದಲ್ಲಿ ಹುಟ್ಟಿದ್ದೂ ಬಿತ್ತು. ಈಗಿರುವುದು ಕಟ್ಟಿಸಿಕೊಂಡ ಹಲ್ಲು, ರಾತ್ರಿ ಲೋಟದಲ್ಲಿ ಮಲಗುತ್ತದೆ. ನನಗೆ ಅರವತ್ತಾರು. ನನ್ನನ್ನು ಬಾಲ ಎಂದು ಕರೆಯುವವರು ಈಗ ಇಡೀ ಲೋಕದಲ್ಲಿ ನೀನೊಬ್ಬಳೇ. ನೀನು ಎಲ್ಲಿ ಹೋದರೂ ಹಿಂದೆ ಬರುತ್ತಿದ್ದೆನೆಂದು ಇಟ್ಟ ಹೆಸರು ಅದು. ಅದನ್ನು ಓದಿದ ಮೇಲೆ ನಗು ನಿಂತು ಬೇರೇನೋ ಶುರುವಾಯಿತು, ಕನ್ನಡಕ ತೆಗೆದಿಟ್ಟೆ.

ನಿನ್ನ ತಪ್ಪಲ್ಲ, ಗೊತ್ತು. ಸಂದೇಶ ಕಚೇರಿಯ ಅಧಿಕಾರಿ ಬಿಡಿಸಿ ಹೇಳಿದರು. ನಿನ್ನ ನೌಕೆ ಹೋಗುವಾಗ ಬೆಳಕಿಗಿಂತ ಕೂದಲೆಳೆಯಷ್ಟು ಮಾತ್ರ ನಿಧಾನ ಓಡುತ್ತಿತ್ತಂತೆ. ನನ್ನ ಕಾಗದಗಳು ಬೆಳಕಿನಷ್ಟೇ ಬೇಗ ಬೆನ್ನಟ್ಟಿದರೂ ನಿನ್ನನ್ನು ಮುಟ್ಟಲು ವರ್ಷಗಟ್ಟಲೆ ಬೇಕು. ಹಾಗಾಗಿ ನೀನು ಉತ್ತರ ಬರೆಯಲು ಕೂತಾಗ ಕೈಯಲ್ಲಿದ್ದದ್ದು ಮೊದಲ ತಿಂಗಳಲ್ಲಿ ಅಪ್ಪನಿಂದ ನಾನು ಬರೆಸಿದ ಕಾಗದಗಳು ಮಾತ್ರ. ನೌಕೆಯೊಳಗೆ ಆಗ ಕಳೆದದ್ದು ಎರಡೇ ವರ್ಷ, ಇಲ್ಲಿ ಮೂವತ್ತು. ನಿನ್ನ ಉತ್ತರ ಇಲ್ಲಿಗೆ ಮುಟ್ಟಲು ಇನ್ನೊಂದು ಮೂವತ್ತು. ಈಗ ನೀನು ವಾಪಸು ಬರುತ್ತಿದ್ದೀಯಲ್ಲ, ಎಲ್ಲ ತಿರುಗುಮುರುಗು. ನಾನು ಇಷ್ಟು ವರ್ಷ ಬರೆದದ್ದೆಲ್ಲ ಎದುರಿನಿಂದ ಬಂದು ನಿನ್ನ ಮುಖಕ್ಕೆ ರಾಚುತ್ತದಂತೆ. ನನ್ನ ಒಂದು ವರ್ಷ ನಿನಗೆ ಎರಡು ವಾರ. ನನ್ನ ಮದುವೆಯ ಸುದ್ದಿ ಬಂದು ಒಂದೂವರೆ ವರ್ಷವಾಗುವ ಮೊದಲೇ ನಿನ್ನ ನಾದಿನಿ ತೀರಿಕೊಂಡ ಸುದ್ದಿಯೂ ಬಂದಿರುತ್ತದೆ. ನೀನು ಅವಳಿಗೆ ಶುಭಾಶಯ ಬರೆದು ಮುಗಿಸಿದ್ದೀಯೋ ಇಲ್ಲವೋ.

ಅವಳು ಹೋಗಿ ನಾಲ್ಕು ವರ್ಷವಾಯಿತು. ಮಕ್ಕಳಾಗಲಿಲ್ಲ. ಕೆಲಸ ಮಾತ್ರ ಬಿಟ್ಟಿಲ್ಲ. ಲಿಫ್ಟ್ ರಿಪೇರಿ ಅಂದರೆ ನಿನ್ನ ಕೆಲಸದ ಮುಂದೆ ಸಣ್ಣದು. "ಮಗಳು ನಕ್ಷತ್ರಕ್ಕೆ ಹೋದ್ಲು, ಮಗ ಹನ್ನೆರಡನೇ ಮಹಡಿಗೆ ಹೋದ" ಎಂದು ಅಪ್ಪ ಕೊನೆಯವರೆಗೂ ಅನ್ನುತ್ತಿದ್ದರು. ನಿವೃತ್ತಿಯಾದ ಮೇಲೂ ಈ ಕಟ್ಟಡದವರು ನನ್ನನ್ನು ಬಿಟ್ಟುಕೊಡಲಿಲ್ಲ. ನೆಲಮಹಡಿಯಲ್ಲಿ ಲಿಫ್ಟಿನ ಪಕ್ಕದ ಕೋಣೆ ಕೊಟ್ಟಿದ್ದಾರೆ. ಗೋಡೆಯಾಚೆ ಹಗ್ಗ ಸುತ್ತುವ ಸದ್ದು ಕೇಳಿದರೆ ಯಾರೋ ಮನೆಗೆ ಬಂದರು ಎಂದರ್ಥ. ನನ್ನ ಬಾಗಿಲಿಗೆ ಯಾರೂ ಬರುವುದಿಲ್ಲ, ಆದರೂ ಆ ಸದ್ದು ನಿಂತರೆ ನಿದ್ದೆ ಬರುವುದಿಲ್ಲ.

ಈಗ ಮುಖ್ಯ ವಿಷಯ. ನೀನು ಇಳಿಯಲು ಇಲ್ಲಿನ ಲೆಕ್ಕದಲ್ಲಿ ಇನ್ನೂ ಇಪ್ಪತ್ತು ವರ್ಷವಿದೆ. ಅಷ್ಟರಲ್ಲಿ ನನಗೆ ಎಂಬತ್ತಾರು. ನಮ್ಮಂಥ ಮುದುಕರಿಗಾಗಿ ಕಚೇರಿಯವರು ಒಂದು ನೌಕೆ ಮಾಡಿದ್ದಾರೆ. ಎಲ್ಲಿಗೂ ಹೋಗುವುದಿಲ್ಲ, ಕತ್ತಲೆಯಲ್ಲಿ ದೊಡ್ಡದೊಂದು ಸುತ್ತು ಹೊಡೆದು ವಾಪಸು ಬರುತ್ತದೆ. ಒಳಗಿದ್ದವರಿಗೆ ಒಂದೂವರೆ ವರ್ಷ, ಹೊರಗೆ ಇಪ್ಪತ್ತು. ನೌಕೆಯಲ್ಲಿ ಹೋದವರನ್ನು ಕಾಯುತ್ತಿರುವ ಮನೆಯವರು ಅವರು ಬರುವ ತನಕ ಬದುಕಿರಲಿ ಎಂದು ಈ ಏರ್ಪಾಡು. ಅದಕ್ಕೇನೋ ಉದ್ದನೆಯ ಹೆಸರಿದೆ, ಜನ ಕರೆಯುವುದು 'ಕಾಯೋರ ಬಂಡಿ' ಎಂದು. ಅದರಲ್ಲಿ ನನಗೊಂದು ಸೀಟು ಬಂತು.

"ಅದರ ಬದಲು ನಮ್ಮಕ್ಕನ ನೌಕೇನೇ ಇನ್ನೊಂದಿಷ್ಟು ಜೋರಾಗಿ ಓಡಿಸಬಾರದಾ ಮೇಡಂ?" ಎಂದು ಕಚೇರಿಯ ಆ ಅಧಿಕಾರಿಯನ್ನು ಕೇಳಿದೆ.

"ಆಗಲ್ಲ ಯಜಮಾನ್ರೇ. ಬೆಳಕನ್ನ ದಾಟೋಕೆ ಯಾರಿಂದಲೂ ಆಗಲ್ಲ. ಇನ್ನೂ ಜೋರಾಗಿ ಓಡಿಸಿದ್ರೆ ನಿಮ್ಮಕ್ಕನಿಗೆ ವರ್ಷ ಉಳಿಯುತ್ತೆ, ನಿಮಗೆ ಉಳಿಯೋದು ಹೆಚ್ಚಂದ್ರೆ ಒಂದೆರಡು ತಿಂಗಳು."

ಇದು ನನಗೆ ಚೆನ್ನಾಗಿ ಅರ್ಥವಾಯಿತು. ಲಿಫ್ಟಿಗೂ ವೇಗದ ಮಿತಿ ಇದೆ, ದಾಟಿದರೆ ಗವರ್ನರ್ ಎಂಬ ವೇಗ ಕಾಯುವ ಚಕ್ರ ಕಚ್ಚಿ ನಿಲ್ಲಿಸುತ್ತದೆ. ಆದರೆ ಲಿಫ್ಟಿನಲ್ಲಿ ಹೋದವನೂ ಕೆಳಗೆ ನಿಂತವನೂ ಒಂದೇ ಹೊತ್ತು ಕಾಯುತ್ತಾರೆ. ನಿಮ್ಮ ವ್ಯವಹಾರದಲ್ಲಿ ಓಡಿದವರಿಗೆ ಲಾಭ, ನಿಂತವರಿಗೆ ಏನೂ ಇಲ್ಲ.

ಪರೀಕ್ಷೆಗೆ ಕರೆದರು. ಗಿರಗಿರ ತಿರುಗುವ ಕುರ್ಚಿಯಲ್ಲಿ ಕೂರಿಸಿ ಎದೆಯ ಮೇಲೆ ಆನೆ ಕೂತ ಹಾಗೆ ಒತ್ತಿದರು. ಇಳಿದಾಗ ಡಾಕ್ಟರು ಬೆನ್ನು ತಟ್ಟಿ, "ಹೃದಯ ಹುಡುಗನ ಥರ ಇದೆ, ಆರಾಮಾಗಿ ಹೋಗಿ ಬರಬಹುದು" ಎಂದರು. ಕಚೇರಿಯಲ್ಲೂ ಅದೇ ಮಾತು: "ನಿಮಗೆ ಹಿಂದೆ ಮುಂದೆ ಯಾರೂ ಇಲ್ಲವಲ್ಲ, ಯೋಚನೆ ಏನು?" ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ಬಸ್ಸಿನಲ್ಲಿ ಬರುವಾಗ ಆ ಮಾತು ಬಹಳ ಹೊತ್ತು ಚುಚ್ಚಿತು.

ಯಾರೂ ಇಲ್ಲ ಎಂದರೆ ಪೂರ್ತಿ ನಿಜವಲ್ಲ. ನಾಲ್ಕನೇ ಮಹಡಿಯಲ್ಲಿ ಟೀಚರಮ್ಮ ಇದ್ದಾರೆ, ಅರವತ್ತೆರಡು ವರ್ಷ, ಒಬ್ಬರೇ. ಎರಡು ವರ್ಷದ ಹಿಂದೆ ಲಿಫ್ಟಿನಲ್ಲಿ ಸಿಕ್ಕಿಹಾಕಿಕೊಂಡಿದ್ದರು. ಮೇಲೆ ಹತ್ತಿ ಬ್ರೇಕು ಸಡಿಲಿಸಿ ಇಳಿಸಿದ್ದಕ್ಕೆ ಥ್ಯಾಂಕ್ಸ್ ಹೇಳುವುದು ಬಿಟ್ಟು, "ಇಷ್ಟು ಹೊತ್ತು ಏನ್ ಮಾಡ್ತಿದ್ರಿ?" ಎಂದು ಗದರಿದರು. ನಲವತ್ತು ವರ್ಷ ಪಾಠ ಹೇಳಿದ ಗಂಟಲು ಅದು. ಆಮೇಲೆ ಪಾಪ ಅನ್ನಿಸಿತೋ ಏನೋ, ಭಾನುವಾರ ಟೀ ತಂದರು. ಅಂದಿನಿಂದ ಪ್ರತಿ ಭಾನುವಾರ ಬಂದು ಪೇಪರ್ ಓದಿ ಹೇಳುತ್ತಾರೆ. ನಾನು ನಡುವೆ ಬಾಯಿ ಹಾಕಿದರೆ ಪೇಪರ್ ಮಡಿಸಿ ನೋಡುತ್ತಾರೆ, ನಾನು ಬಾಯಿ ಮುಚ್ಚುತ್ತೇನೆ.

ಹೋದ ಭಾನುವಾರ ಸೀಟಿನ ಸುದ್ದಿ ಹೇಳಿದೆ. "ಎಷ್ಟು ದಿನ ಆಗುತ್ತೆ?" ಎಂದರು.

"ನನಗೆ ಒಂದೂವರೆ ವರ್ಷ. ನಿಮಗೆ ಇಪ್ಪತ್ತು" ಎಂದೆ.

ಪೇಪರ್ ಮಡಿಸಿಟ್ಟು, "ಹಾಗಾದ್ರೆ ನೀವು ಬರೋಷ್ಟರಲ್ಲಿ ನಾನು ನಿಮಗಿಂತ ದೊಡ್ಡವಳಾಗಿರ್ತೀನಿ. ಆಗ ಎದುರು ಮಾತಾಡೋ ಹಾಗಿಲ್ಲ, ನೆನಪಿರಲಿ" ಎಂದರು. ನಾನು ನಕ್ಕೆ, ಅವರೂ ನಕ್ಕರು. "ಹೋಗಿ ಬನ್ನಿ. ಎಷ್ಟಾದ್ರೂ ಒಡಹುಟ್ಟಿದವಳು" ಎಂದು ಎದ್ದರು. ಟೀ ಹಾಗೇ ಉಳಿದಿತ್ತು. ಲಿಫ್ಟ್ ಕೆಳಗೇ ನಿಂತಿದ್ದರೂ ನಾಲ್ಕು ಮಹಡಿ ಮೆಟ್ಟಿಲು ಹತ್ತಿಕೊಂಡು ಹೋದರು.

ಶುಕ್ರವಾರ ಕಚೇರಿಗೆ ಹೋಗಿ ಸೀಟು ಬೇಡವೆಂದು ಹೇಳಿ ಬಂದೆ. ಮಂಡಿ ನೋವಿಗೆ ಆ ಒತ್ತಡ ಒಗ್ಗುವುದಿಲ್ಲ ಅಕ್ಕಾ. ಈ ಲಿಫ್ಟೂ ಹಳೆಯದು, ಹೊಸಬರಿಗೆ ಬಗ್ಗುವುದಿಲ್ಲ. ಟೀಚರಮ್ಮನ ಹೆಸರು ಹಿಡಿದು ನೀನು ನನ್ನನ್ನು ರೇಗಿಸಬಹುದು, ರೇಗಿಸಿಕೋ. ಇವತ್ತೂ ಭಾನುವಾರ. ಇನ್ನೂ ಅವರಿಗೆ ಹೇಳಿಲ್ಲ. ಹೋಗುವವನ ಹತ್ತಿರ ಏಕೆ ಕೂರಬೇಕು ಎಂದೋ ಏನೋ, ಟೀ ಹೊತ್ತು ದಾಟಿದರೂ ಕೆಳಗೆ ಬಂದಿಲ್ಲ. ಇದನ್ನು ಮುಗಿಸಿ ನಾನೇ ಮೇಲೆ ಹೋಗುತ್ತೇನೆ.

ಈ ಕಾಗದ ಅರ್ಧ ದಾರಿಯಲ್ಲಿ, ಹತ್ತು ವರ್ಷದ ಮೇಲೆ, ನಿನಗೆ ಎದುರಾಗುತ್ತದಂತೆ. ಅಷ್ಟರಲ್ಲಿ ನಾನು ಇದ್ದರೆ ಇದ್ದೆ. ವಯಸ್ಸು ನೋಡಿದರೆ ನಾನು ಆಶೀರ್ವಾದ ಮಾಡಬೇಕು, ಸಂಬಂಧ ನೋಡಿದರೆ ನೀನು. ಇಪ್ಪತ್ತೇಳರ ಹುಡುಗಿ, ಸುಖವಾಗಿರು, ಒಳ್ಳೆಯದಾಗಲಿ. ಇಷ್ಟನ್ನು ಮುದುಕ ಹೇಳಿದ. ತಮ್ಮನಾಗಿ ನಿನ್ನ ಕಾಲಿಗೆ ಬೀಳುತ್ತೇನೆ, ನನ್ನನ್ನೂ ಹರಸು.

ಇಂತಿ,
ನಿನ್ನ ಬಾಲ

ಬರೆಯದೆ ಬಿಡೋಣವೆಂದಿದ್ದೆ: ಮಂಡಿಯ ಮಾತು ಸುಳ್ಳು.

ನೀನು ಹೊರಟ ದಿನ ಉಡಾವಣಾ ಕೇಂದ್ರದ ಗೇಟಿನ ಹತ್ತಿರ ನಿನ್ನ ಸೊಂಟ ಹಿಡಿದು ನಾನು ಬಿಡಲೇ ಇಲ್ಲ. ಅಮ್ಮನ ಮುಖ ನೆನಪಿಲ್ಲದವನಿಗೆ ಅಮ್ಮ ಎಂದರೂ ನೀನೇ. ಎಷ್ಟು ದಿನ ಎಂದು ಕೇಳಿದೆ. ನೀನು ಕುಕ್ಕರುಗಾಲಲ್ಲಿ ಕೂತು, "ನಿಂಗೀಗ ಆರು ವರ್ಷ ಅಲ್ವಾ? ಇನ್ನೊಂದು ಆರು, ಅಷ್ಟೇ. ಇದೇ ಗೇಟಿನ ಹತ್ರ ಬಂದು ನಿಂತಿರು" ಎಂದೆ. ಅಪ್ಪ ನೆಲ ನೋಡುತ್ತಿದ್ದರು. ಯಾರ ಆರು ಎಂದು ನೀನು ಹೇಳಲಿಲ್ಲ.

ಹನ್ನೆರಡು ತುಂಬಿದ ದಿನ ಅಪ್ಪನಿಗೂ ಹೇಳದೆ ಹೊಸ ಅಂಗಿ ಹಾಕಿಕೊಂಡು ಎರಡು ಬಸ್ಸು ಬದಲಾಯಿಸಿ ಹೋದೆ. ಕಾವಲುಗಾರ ಯಾರು ಬೇಕೆಂದು ಕೇಳಿದ. ನಿನ್ನ ನೌಕೆಯ ಹೆಸರು ಹೇಳಿದೆ. ಅವನು ನಗಲಿಲ್ಲ. ತನ್ನ ಸ್ಟೂಲು ಬಿಟ್ಟುಕೊಟ್ಟು ನೀರು ಕೊಟ್ಟ, ಎಲ್ಲಿಗೋ ಫೋನ್ ಮಾಡಿದ. ಸಂಜೆ ಅಪ್ಪ ಬಂದು ಕರೆದುಕೊಂಡು ಹೋದರು. ದಾರಿಯುದ್ದಕ್ಕೂ ಬೈಯಲಿಲ್ಲ, ಅದರಿಂದಲೇ ನನಗೆ ಎಲ್ಲ ಗೊತ್ತಾಯಿತು. ಈ ವಿಷಯವನ್ನು ಇಷ್ಟು ವರ್ಷ ಯಾವ ಕಾಗದದಲ್ಲೂ ನಿನಗೆ ಬರೆದಿಲ್ಲ.

ಟೀಚರಮ್ಮ ಕೇಳಿದಾಗ ನನ್ನ ಬಾಯಿಗೂ ಮೊದಲು ಬಂದದ್ದು ಒಂದೂವರೆ ವರ್ಷ ಎಂಬ ಮಾತೇ. ಅಷ್ಟಕ್ಕೇ ನಿಲ್ಲಿಸುವುದು ಎಷ್ಟು ಸುಲಭವಿತ್ತು ಎಂದು ಆಗ ತಿಳಿಯಿತು. ಪ್ರೀತಿಯಿಂದಲೇ ಹಾಗೆ ಹೇಳಿದ್ದೆ ನೀನು, ಅದೂ ತಿಳಿಯಿತು. ಆದರೂ ನಿನ್ನ ಮೇಲೆ ಸಿಟ್ಟಿದೆ ಅಕ್ಕಾ. ಇನ್ನೂ ಇದೆ.

ನೀನು ಇಳಿಯುವಾಗ ನಿನ್ನ ಲೆಕ್ಕದಲ್ಲಿ ಸರಿಯಾಗಿ ಆರು ವರ್ಷವಾಗಿರುತ್ತದೆ. ಮಾತು ಉಳಿಸಿಕೊಂಡೆ ಎಂದುಕೊಳ್ಳುತ್ತೀಯ, ಅದು ನಿಜವೂ ಹೌದು. ಗೇಟಿನ ಹತ್ತಿರ ನನ್ನನ್ನು ಹುಡುಕಬೇಡ. ನೀನು ಹೇಳಿದ ದಿನಕ್ಕೆ ನಾನು ಬಂದಿದ್ದೆ.