ಅಳೆಯದೆಯೇ ನಿಷಿದ್ಧವಾದ ರೈಫಲ್ಲು

ಮಾನ್ಯ ಶಸ್ತ್ರ ಪರವಾನಗಿ ಅಧಿಕಾರಿಗಳೇ,

ಚುನಾವಣೆ ಮುಗಿದು ಹದಿನಾಲ್ಕು ತಿಂಗಳಾಯಿತು. ಗೆದ್ದವರು ಗೆದ್ದರು, ಸೋತವರು ಪಕ್ಷ ಬದಲಿಸಿದರು, ನಮ್ಮ ಮಾವನವರ ರೈಫಲ್ಲು ಮಾತ್ರ ಇನ್ನೂ ಠಾಣೆಯ ಬೀರುವಿನಲ್ಲಿದೆ. ಇದೆ ಎಂದು ನಂಬಿದ್ದೇನೆ. ಕಣ್ಣಾರೆ ನೋಡಲು ನಿಮ್ಮವರು ಬಿಟ್ಟಿಲ್ಲವಾದ್ದರಿಂದ ಅಷ್ಟೇ ಹೇಳಬಲ್ಲೆ. ಅದನ್ನು ಏಕೆ ಹಿಂದಿರುಗಿಸುತ್ತಿಲ್ಲ, ಯಾರಿಗಾಗಿ ಇಟ್ಟುಕೊಂಡಿದ್ದೀರಿ ಎಂದು ನಾಲ್ಕು ಜನರೆದುರು ಕೇಳಲು ಈ ಪತ್ರ.

ನಾನು ಬೈರಕೂರಿನ ಪಕ್ಕದ ಹಳ್ಳಿಯ ಸೊಸೆ, ಅಲ್ಲಿನ ಮಹಿಳಾ ಹಾಲಿನ ಡೇರಿಯ ಕಾರ್ಯದರ್ಶಿ. ಮಾವ ವೆಂಕಟರಾಯಪ್ಪನವರಿಗೆ ಎಪ್ಪತ್ತಾರು. ನಮಗಿರುವುದು ಹಿಪ್ಪುನೇರಳೆ, ರಾಗಿ, ಎರಡು ಎಕರೆ ಕಡಲೆಕಾಯಿ. ಕಾಯಿ ಬಲಿಯುವ ಹೊತ್ತಿಗೆ ಸರಿಯಾಗಿ ಕಾಡುಹಂದಿ ಇಳಿಯುತ್ತವೆ. ಬೆಳೆ ರಕ್ಷಣೆಗೆಂದು ಮೂವತ್ತೈದು ವರ್ಷದ ಹಿಂದೆ ಮಾವ ಪರವಾನಗಿ ಪಡೆದು ರೈಫಲ್ಲು ತಂದರು. ಇಷ್ಟು ವರ್ಷ ಹೊಡೆದದ್ದೆಲ್ಲ ಆಕಾಶಕ್ಕೆ. ಸದ್ದಿಗೇ ಹಂದಿ ಓಡುತ್ತಿದ್ದವು. ಹೋದ ವರ್ಷ ಸದ್ದಿಲ್ಲದೆ ಅರ್ಧ ಹೊಲ ಅವುಗಳ ಪಾಲಾಯಿತು.

ಸದ್ದೇ ಸಾಕಿದ್ದರೆ ಚರೆ ಹಾರಿಸುವ ಅಗ್ಗದ ತೋಟಾ ಬಂದೂಕು ಸಾಲದಿತ್ತೇ ಎಂದು ನೀವು ಕೇಳಬಹುದು. ಮದುವೆಯಾಗಿ ಬಂದ ಹೊಸದರಲ್ಲಿ ನಾನೂ ಕೇಳಿದ್ದೆ. ಅಂದು ಅಂಗಡಿಯವರು ಮಾವನಿಗೆ ಹೇಳಿದ್ದಿಷ್ಟು: "ಯಜಮಾನ್ರೇ, ಪಟ್ಟೀಲಿರೋ ರೈಫಲ್ಲು ತಗೊಳ್ಳಿ. ನಾಳೆ ಮಾರೋಕ್ಕೆ ಹೋದ್ರೂ ರೇಟು ನಿಲ್ತದೆ." ಪಟ್ಟಿ ಎಂದರೆ ಯಾವುದಕ್ಕೆ ಪರವಾನಗಿ ಕೊಡಬಹುದೆಂಬ ನಿಮ್ಮದೇ ಪಟ್ಟಿ. ನಳಿಗೆಯ ಒಳ ಅಳತೆ 303 ಇದ್ದರೆ ಅದರಲ್ಲಿ ಸೇನೆಯ ಗುಂಡು ಹೊಗುತ್ತದೆ, ಆದ್ದರಿಂದ ಅದು ನಿಷಿದ್ಧ. 315 ಇದ್ದರೆ, ಎಂದರೆ ಅಂಗುಲದ ಸಾವಿರದಲ್ಲಿ ಹನ್ನೆರಡು ಪಾಲು ಇನ್ನೂ ದಪ್ಪಗಿದ್ದರೆ, ಪರವಾನಗಿಗೆ ಅರ್ಹ. ತೆಳ್ಳಗಿನದು ಅಪಾಯ, ದಪ್ಪಗಿನದು ನಿರಪಾಯ! ಹಂದಿಗೆ ಈ ವ್ಯತ್ಯಾಸ ತಿಳಿಯದು, ಬೆಲೆಗೆ ಮಾತ್ರ ಚೆನ್ನಾಗಿ ತಿಳಿಯುತ್ತದೆ. ಮೊದಲನೆಯದು ನಮ್ಮಂಥವರಿಗೆ ಸಿಗದ ಕಾರಣ ರೈಫಲ್ಲು ಬೇಕೆನ್ನುವವರೆಲ್ಲ ಎರಡನೆಯದಕ್ಕೇ ಮುಗಿಬೀಳುತ್ತಾರೆ. ಶ್ರೀನಿವಾಸಪುರದ ಮಾವಿನ ತೋಟದವರಿರಲಿ, ಮಾಲೂರಿನ ಸೈಟು ಮಾರುವವರಿರಲಿ, ಗುರಿ ನೆಟ್ಟಗೆ ಹೋಗುತ್ತದೆಯೇ ಎಂದು ಕೇಳುವವರಿಲ್ಲ. ಪಟ್ಟಿಯಲ್ಲಿದೆಯೇ ಎಂದಷ್ಟೇ ಕೇಳುತ್ತಾರೆ. ಮಾವ ಒಂದು ಜೊತೆ ಎತ್ತಿನ ಬೆಲೆಗೆ ತಂದದ್ದಕ್ಕೆ ಇಂದು ಅಂಗಡಿಯಲ್ಲಿ ಲಕ್ಷದ ಮೇಲೆ ಹೇಳುತ್ತಾರೆ.

ನಮ್ಮ ತಪ್ಪನ್ನೂ ಮುಚ್ಚಿಡುವುದಿಲ್ಲ. ನಮ್ಮ ಕಡೆ ಉದ್ದ ನಳಿಗೆಯ ರೈಫಲ್ಲು ಯಾವುದಾದರೂ ಸರಿ, ಅದನ್ನು ತ್ರೀ ನಾಟ್ ತ್ರೀ, ಅಂದರೆ 303, ಎಂದೇ ಕರೆಯುವುದು. ಪೊಲೀಸರ ಹೆಗಲ ಮೇಲೆ ಅದನ್ನೇ ನೋಡಿ ಬೆಳೆದ ಜನ. ಚುನಾವಣೆಗೆ ಮುಂಚೆ ಎಲ್ಲರೂ ಬಂದೂಕು ಒಪ್ಪಿಸಬೇಕೆಂದಾಗ ಮಾವ ಇಸ್ತ್ರಿ ಪಂಚೆ ಉಟ್ಟು, ಮದುವೆಗೆ ಹೊರಟವರಂತೆ ಠಾಣೆಗೆ ಬಂದರು. ರಸೀದಿ ಬರೆಯುವ ಪೇದೆ ತಲೆ ಎತ್ತದೆ, "ಯಾವ್ದು ತಾತ ಇದು?" ಎಂದರು. ಮಾವ ಎದೆಯುಬ್ಬಿಸಿ, "ತ್ರೀ ನಾಟ್ ತ್ರೀ ಕಣಪ್ಪಾ, ಅಸಲಿ ಮಾಲು" ಎಂದರು. ಅವರು ಬರೆದರು, ಇವರು ಸಹಿ ಹಾಕಿದರು. ಪಕ್ಕದಲ್ಲೇ ಇದ್ದ ನಾನು ಹಾಲಿನ ಲಾರಿಯವನ ಜೊತೆ ಫೋನಿನಲ್ಲಿ ಜಗಳವಾಡುತ್ತಿದ್ದೆ, ರಸೀದಿ ಓದಲಿಲ್ಲ.

ಫಲಿತಾಂಶ ಬಂದ ಮೇಲೆ ಬಂದೂಕು ಒಪ್ಪಿಸಿದ್ದ ಊರಿನ ಉಳಿದ ಮೂವರಿಗೂ ಅವರವರ ಬಂದೂಕು ಸಿಕ್ಕಿತು. ನಮಗೆ ಸಿಕ್ಕ ಉತ್ತರ: "ರಸೀದೀಲಿ ತ್ರೀ ನಾಟ್ ತ್ರೀ ಅಂತಿದೆ, ಅದು ನಿಷಿದ್ಧದ್ದು, ಮೇಲಿಂದ ಆದೇಶ ಬರ್ಬೇಕು." ನಿಮ್ಮ ಕಚೇರಿಯದೇ ಮೊಹರು ಬಿದ್ದ ಪರವಾನಗಿ ಪುಸ್ತಕದಲ್ಲಿ 315 ಎಂದಿದೆ. ನಳಿಗೆಯ ಮೇಲೂ ಕೊರೆದಿದೆ. ನೋಡುವವರಿಲ್ಲ. ನಮ್ಮ ಡೇರಿಗೆ ದೊಡ್ಡಗಂಗಮ್ಮ ದಿನಾ ಹಾಲು ತಂದು, "ನಮ್ಮ ಹಸೀದು ಗಟ್ಟಿ ಹಾಲು ಕಣೇ ಸುನಂದಾ" ಅನ್ನುತ್ತಾಳೆ. ಅವಳ ಬಾಯಿ ಕೇಳಿ ನಾನು ಫ್ಯಾಟು ಬರೆಯುವುದಿಲ್ಲ, ಮೆಷಿನ್ನಿಗೆ ಹಾಕಿ ನೋಡಿ ಬರೆಯುತ್ತೇನೆ. ಅಷ್ಟು ಮಾಡಲು ನಿಮ್ಮ ಇಲಾಖೆಗೆ ಯಾವ ದರ್ಜೆಯ ಅಧಿಕಾರಿ ಬೇಕು?

ಇನ್ನು ನನ್ನ ಅನುಮಾನಕ್ಕೆ ಬರುತ್ತೇನೆ. ಠಾಣೆಯವರು ಕೊಡುವುದಿಲ್ಲ ಎಂದ ಮೂರನೆಯ ದಿನ ಪೇಟೆಯ ಬಂದೂಕಿನ ಅಂಗಡಿಯಿಂದ ಫೋನು ಬಂತು. "ಅಮ್ಮಾ, ನಿಮ್ದು ಪಟ್ಟಿಯಿಂದ ಆಚೆ ಹೋಯ್ತಂತೆ. ಇನ್ನು ಗುಜರಿ ರೇಟೇ. ತಾತನ ಮೇಲೆ ಕೇಸಾಗೋದ್ರೊಳಗೆ ಎಂಟು ಸಾವಿರಕ್ಕೆ ನಂಗೆ ಬರ್ಕೊಡಿ, ಮಿಕ್ಕಿದ್ದು ನಾನು ನೋಡ್ಕೊಳ್ತೀನಿ." ರಸೀದಿ ಪುಸ್ತಕ ಇದ್ದದ್ದು ಠಾಣೆಯಲ್ಲಿ, ಫೈಲು ಇದ್ದದ್ದು ನಿಮ್ಮಲ್ಲಿ. ಅಂಗಡಿಯವರಿಗೆ ಯಾವ ಗಾಳಿ ತಂದು ಹೇಳಿತು? ಅದು ನಿಜಕ್ಕೂ ನಿಷಿದ್ಧವಾದರೆ ಅವರು ಮುಟ್ಟುವಂತೆಯೇ ಇಲ್ಲ, ಎಂಟು ಸಾವಿರ ಯಾಕೆ ಕೊಡುತ್ತಾರೆ? ನಿಷಿದ್ಧವಲ್ಲದಿದ್ದರೆ ನಿಮ್ಮ ಬೀರುವಿನಲ್ಲಿ ಅದಕ್ಕೇನು ಕೆಲಸ? ನಮ್ಮ ಕೈಯಲ್ಲಿದ್ದಾಗ 303, ಅವರ ಅಂಗಡಿಗೆ ಹೋದ ಮರುದಿನ 315, ಹೀಗೇನಾದರೂ ಹೊಸ ನಿಯಮ ಬಂದಿದೆಯೇ? ನಾನು ಯಾರ ಮೇಲೂ ಆರೋಪ ಹೊರಿಸುತ್ತಿಲ್ಲ. ಆರೋಪಕ್ಕೆ ಪುರಾವೆ ಬೇಕು, ಪುರಾವೆ ನಿಮ್ಮ ಬೀಗದೊಳಗಿದೆ.

ಮಾವ ಹೆದರಿದ್ದಾರೆ. ಠಾಣೆಯ ರಸ್ತೆಯಲ್ಲಿ ಬಸ್ಸು ಹೋದರೂ ಮುಖ ಆಚೆ ತಿರುಗಿಸುತ್ತಾರೆ. ಹೋದ ವಾರ ಅಂಗಡಿಯವರು ಕಳಿಸಿದ ಮಾರಾಟದ ಕಾಗದಕ್ಕೆ ನಾನಿಲ್ಲದಾಗ ಸಹಿ ಹಾಕಿಬಿಟ್ಟಿದ್ದರು. ಕೇಳಿದ್ದಕ್ಕೆ, "ಎಂದುಕಮ್ಮಾ ಈ ಗೋಲ? ಯಾಕಮ್ಮಾ ಈ ರಗಳೆ? ಕೊಟ್ಬಿಡಾಣ. ಈ ವಯಸ್ಸಲ್ಲಿ ಜೈಲಿಗೆ ಹೋಗ್ಲಾ?" ಎಂದರು. ಆ ಕಾಗದ ಕಿತ್ತುಕೊಂಡು ಡೇರಿಯ ಪೆಟ್ಟಿಗೆಯಲ್ಲಿ ಬೀಗ ಹಾಕಿಟ್ಟಿದ್ದೇನೆ. ಅಂದಿನಿಂದ ಅವರು ನನ್ನ ಜೊತೆ ಮಾತಾಡಿಲ್ಲ. ನಾನು ಬಡಿಸಿದರೆ ಎದ್ದು ಹೋಗುತ್ತಾರೆ. ಮಗಳಿಗಿಂತ ಹೆಚ್ಚಾಗಿ ನೋಡಿಕೊಂಡ ಮನುಷ್ಯ. ಇದನ್ನು ನನಗೆ ಸಹಿಸಲಾಗುತ್ತಿಲ್ಲ.

ಆದ್ದರಿಂದ ಕೇಳಿ. ಬರುವ ಸೋಮವಾರ ಬೆಳಿಗ್ಗೆ ಹನ್ನೊಂದಕ್ಕೆ ಪರವಾನಗಿ ಪುಸ್ತಕ ಹಿಡಿದು ಠಾಣೆಗೆ ಬರುತ್ತೇನೆ. ನೀವೂ ಬನ್ನಿ, ಬೀರು ತೆಗೆಸಿ, ನನ್ನೆದುರಿಗೆ ನಳಿಗೆ ಅಳೆಸಿ, ಬಂದ ಅಳತೆ ಬರೆದು ಸಹಿ ಹಾಕಿ. ನಿಷಿದ್ಧವೆಂದು ಬಂದರೆ ಕೇಸು ನನ್ನ ಮೇಲೆ ಹಾಕಿ, ಆ ವೃದ್ಧರನ್ನು ಬಿಟ್ಟುಬಿಡಿ. ಅಲ್ಲವೆಂದು ಬಂದರೆ ರೈಫಲ್ಲನ್ನು ಅಂದೇ ಅವರ ಕೈಗೆ ಕೊಡಿ. ಬೀರು ಖಾಲಿಯಿದ್ದರೆ ನಾನು ಅಲ್ಲಿ ಕೂಗಾಡುವುದಿಲ್ಲ, ನೇರವಾಗಿ ಆ ಅಂಗಡಿಗೆ ಹೋಗುತ್ತೇನೆ. ರೈಫಲ್ಲಿನ ನಂಬರು ನನಗೆ ಬಾಯಿಪಾಠವಾಗಿದೆ.

ಇಂತಿ,
ತನ್ನ ಅನುಮಾನ ಸುಳ್ಳಾಗಲೆಂದು ಹರಕೆ ಹೊತ್ತಿರುವ,
ಮಾವನ ಮುನಿಸಿಗೆ ಗುರಿಯಾದ ಸೊಸೆ,
ಸುನಂದ